ವಯರ್ ಬಗ್ಗಿಸಿ ನೋಡುತ್ತಿದ್ದ ಸಿಸಿಲಿಯಾ ಮೇಡಂ

ಯಾರು ಕೈಗೆ ಒಂದು ತುಂಡು ವಯರ್ ಕೊಟ್ಟರೂ ಸಿಸಿಲಿಯಾ ಮೇಡಂ ಮೊದಲು ಅದನ್ನು ಕಿವಿಯ ಹತ್ತಿರ ಒಯ್ದು ನಿಧಾನವಾಗಿ ಬಗ್ಗಿಸುತ್ತಿದ್ದರು. ಹೊಸಬರಿಗೆ ನಗು ಬರುತ್ತಿತ್ತು. ಅವರು ನಕ್ಕವರ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ತುಟಿ ಬಿಗಿದು, ತಾಮ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ತಮ್ಮ ಬೆರಳಿನ ಸುತ್ತ ತಿರುಗುವುದನ್ನು ಆಲಿಸುತ್ತಿದ್ದರು. ಒಳ್ಳೆಯ ಹೊದಿಕೆ ಸದ್ದು ಮಾಡುವುದಿಲ್ಲ. ಮುಪ್ಪಾದದ್ದು, ಕಿವಿಗೊಟ್ಟವರಿಗೆ ಮಾತ್ರ ಕೇಳುವ ಹಾಗೆ, ಚಿಟಿಚಿಟಿ ಎನ್ನುತ್ತದೆ.

ಕುಂಬಳೆ ಹತ್ತಿರದ ಅನಂತಪುರದ ಕೈಗಾರಿಕಾ ಪ್ರದೇಶದಲ್ಲಿ ಕೇಬಲ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದೆ. ನಾನು ಉಪ್ಪಳದವಳು, ಇಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದವಳು. ನಾವು ಉಪ್ಪ ಎನ್ನುವ ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ತಾಯಿ, ನನ್ನ ಉಮ್ಮ, ಮತ್ತು ನಾನು ಇಬ್ಬರೇ. ಮೇಡಂ ಕುಂಬಳೆಯಿಂದ ಒಳಗೆ ಹೋದರೆ ಸಿಗುವ ಊರಿನ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಕುಟುಂಬದವರು. ಮದುವೆಯಾಗಿರಲಿಲ್ಲ. ಮುಂಬೈಯ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಷ್ಟು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಬಗೆಬಗೆಯ ಪ್ಲಾಸ್ಟಿಕ್ಕಿನ ಮೇಲೆ ಗಾಮಾ ಕಿರಣ ಹಾಯಿಸಿ, ವಿದ್ಯುತ್ತನ್ನು ತಡೆದು ನಿಲ್ಲಿಸುವ ಅದರ ಗುಣ ಯಾವಾಗ, ಹೇಗೆ ಕೈಕೊಡುತ್ತದೆ ಎಂದು ನೋಡುವುದು. ನಿವೃತ್ತರಾಗಿ ತಮ್ಮನ ಮನೆಗೆ ಬಂದವರನ್ನು ನಮ್ಮ ಮಾಲೀಕರು ಹೋಗಿ ಕೇಳಿಕೊಂಡು ಕರೆತಂದಿದ್ದರು.

ಗಿಡ್ಡ ದೇಹ, ನೂಲಿನ ಸೀರೆ. ಕನ್ನಡಕಕ್ಕೆ ಕಟ್ಟಿದ್ದು ಕೂಡ ಹತ್ತಿಯ ದಾರ. ಪ್ಲಾಸ್ಟಿಕ್ಕಿನ ಹಗ್ಗ ಸಿಗುತ್ತದಲ್ಲ ಮೇಡಂ ಎಂದರೆ, "ಅದರ ಗುಣ ನನಗೆ ಗೊತ್ತುಂಟು ಮಾರಾಯ್ತಿ, ಅದಕ್ಕೇ ಬೇಡ" ಎನ್ನುತ್ತಿದ್ದರು. ಸ್ವರ ಎತ್ತಿದ್ದನ್ನು ನಾನು ಕೇಳಿಲ್ಲ. ಸಿಟ್ಟು ಬಂದರೆ ಸ್ವರ ಇನ್ನೂ ತಗ್ಗುತ್ತಿತ್ತು. ಆಗ ಕೋಣೆಯಲ್ಲಿದ್ದವರು ಕೆಲಸ ಬಿಟ್ಟು ಕಿವಿಗೊಡಬೇಕಾಗುತ್ತಿತ್ತು.

ನಿರೋಧ ಅಳೆಯುವ ಮೆಗ್ಗರನ್ನು ನನ್ನ ಕೈಗೆ ಮೊದಲ ಸಲ ಕೊಟ್ಟಾಗ ಅವರು ಹೇಳಿದ ಮಾತು ನೆನಪಿದೆ. "ಫೌಸಿಯಾ, ಮೀಟರ್ ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೇಳ್ಲಿಕ್ಕೆ ನಿನಗೆ ಗೊತ್ತಿರಬೇಕು."

ವಿಕಿರಣದ ವಿಷಯವನ್ನು ಅವರು ನನಗೆ ಹೇಳಿಕೊಟ್ಟದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಪ್ಲಾಸ್ಟಿಕ್ ಎಂದರೆ ಉದ್ದುದ್ದ ನೂಲುಗಳ ರಾಶಿ. ಕಿರಣ ಬಿದ್ದಾಗ ಕೆಲವು ಜಾತಿಯಲ್ಲಿ ನೂಲಿಗೂ ನೂಲಿಗೂ ಗಂಟು ಬೀಳುತ್ತದೆ, ರಾಶಿ ಹೋಗಿ ಬಲೆಯಾಗುತ್ತದೆ, ಒಂದು ಹಂತದವರೆಗೆ ಗಟ್ಟಿಯೂ ಆಗುತ್ತದೆ. ಇನ್ನು ಕೆಲವು ಜಾತಿಯಲ್ಲಿ ನೂಲು ತುಂಡು ತುಂಡಾಗುತ್ತದೆ. "ಟೆಫ್ಲಾನ್ ನೋಡು. ಬೆಂಕಿಗೆ ಹೆದರುವುದಿಲ್ಲ, ಆಸಿಡ್‌ಗೆ ಹೆದರುವುದಿಲ್ಲ. ಎಲ್ಲರೂ ರಾಜ ಅಂತ ಹೊಗಳುತ್ತಾರೆ. ಕಿರಣದ ಎದುರು ಇಟ್ಟರೆ ಮಾತ್ರ ಹಪ್ಪಳ." ಮತ್ತೆ ತಡೆದು ಹೇಳುತ್ತಿದ್ದರು, "ಕಷ್ಟ ಎಂತ ಅಂದರೆ, ಹಪ್ಪಳವೂ ಅಲುಗದೆ ಇದ್ದರೆ ಇಡೀ ಇರುತ್ತದೆ. ಬಿರುಕು ಬಿಟ್ಟ ಜಾಗದಲ್ಲಿ ಗಾಳಿ ನಿಂತು ಕರೆಂಟನ್ನು ತಡೆಯುತ್ತದೆ. ಮೀಟರ್ ಹಿಡಿದರೆ ಒಳ್ಳೆಯ ಲೆಕ್ಕವೇ ಬರುತ್ತದೆ. ಮುಟ್ಟಿದ ಮೇಲೆ ನೋಡು."

ಇದೆಲ್ಲ ನನಗೆ ಪಾಠವಾಗಿಯಷ್ಟೇ ಇತ್ತು, ಉಮ್ಮನಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿಯುವವರೆಗೆ.

ರಾಜ್ಯದ ಗಡಿ ದಾಟಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ರೇಡಿಯೇಶನ್ ಶುರುವಾಯಿತು. ವಾರಕ್ಕೆ ಐದು ದಿನ. ಹಳೆಯ ಕೋಬಾಲ್ಟ್ ಯಂತ್ರ, ಅದರ ಕೆಳಗೆ ರೋಗಿ ಮಲಗುವ ಹಲಗೆ. ಮೋಟಾರಿನಿಂದ ಆ ಹಲಗೆಯನ್ನು ಮೇಲೆ ಕೆಳಗೆ ಮಾಡುತ್ತಾರೆ. ಕಿರಣ ಒಂದು ಕೂದಲೆಳೆಯೂ ಆಚೀಚೆ ಬೀಳದಂತೆ ಉಮ್ಮನ ಮುಖದ ಅಚ್ಚಿಗೆ ಸರಿಯಾಗಿ ಬಿಳಿಯ ಜಾಲರಿಯ ಮುಖವಾಡ ಮಾಡಿ, ಅದನ್ನು ಹಲಗೆಗೆ ಬಿಗಿಯುತ್ತಿದ್ದರು. ಬಿಗಿದ ಮೇಲೆ ತಲೆ ಅಲುಗಿಸುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ದಪ್ಪ ಗೋಡೆಯ ಕೋಣೆಯಲ್ಲಿ ಒಬ್ಬರೇ. ಡಾಕ್ಟರರು ಮೊದಲೇ ಎಚ್ಚರಿಸಿದ್ದರು: ನಡುವೆ ಚಿಕಿತ್ಸೆ ಬಿಡಬಾರದು, ಬಿಟ್ಟರೆ ರೋಗಕ್ಕೆ ಉಸಿರು ಸಿಕ್ಕಿದ ಹಾಗೆ.

ಮೊದಮೊದಲು ರೈಲಿನಲ್ಲಿ ಹೋಗಿಬರುತ್ತಿದ್ದೆವು. ಬಾಯಿಯೊಳಗೆ ಹುಣ್ಣಾಗಿ ಉಮ್ಮ ಸೋತು ಹೋದಾಗ ಮೇಡಂ ತಮ್ಮ ಹಳೆಯ ಕಾರು ತಂದರು. ನಾನು ಬೇಡವೆಂದೆ. "ನಿನ್ನನ್ನು ಯಾರು ಕೇಳಿದ್ದು?" ಎಂದು ಉಮ್ಮನಿಗೆ ಬಾಗಿಲು ತೆಗೆದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಉಮ್ಮ ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದರು. ಇಬ್ಬರೂ ತುಳುವಿನಲ್ಲಿಯೋ ಕನ್ನಡದಲ್ಲಿಯೋ ಮೀನಿನ ಬಗ್ಗೆ ಮಾತಾಡುತ್ತಿದ್ದರು. ನುಂಗಲಾಗದ ಉಮ್ಮನಿಗೆ ಬಂಗುಡೆಯ ಮಾತೇ ಊಟ.

ಅಂಥ ಒಂದು ಬೆಳಿಗ್ಗೆ, ಹೆದ್ದಾರಿ ಅಗಲಮಾಡುವ ಕೆಲಸದ ಧೂಳಿನಲ್ಲಿ ತಲಪಾಡಿ ಹತ್ತಿರ ಕಾರು ನಿಧಾನವಾದಾಗ, ಉಮ್ಮ ಕೀರಲು ಸ್ವರದಲ್ಲಿ ಹೇಳಿದರು, "ನಿನ್ನೆ ಆ ಹಲಗೆ ಒಮ್ಮೆ ಹಂದಿತು ಬಾಯಮ್ಮ, ತಾನಾಗಿ ಅಲುಗಿತು."

ಮೇಡಂ ಕನ್ನಡಿಯಲ್ಲಿ ಉಮ್ಮನನ್ನು ನೋಡಿದರು. "ಹಂದಿದ್ದು ನೀವಾ, ಹಲಗೆಯಾ?"

"ನಾನೆಲ್ಲಿ ಹಂದುವುದು? ಮುಖ ಬಿಗಿದು ಇಟ್ಟಿರ್ತಾರೆ. ಹಲಗೆಯೇ. ಮೇಲೆ ಬಂತು. ಇಷ್ಟು." ಉಮ್ಮ ಬೆರಳುಗಳ ನಡುವೆ ಸ್ವಲ್ಪ ಅಂತರ ತೋರಿಸಿದರು.

"ಆಗ ಕೋಣೆಯಲ್ಲಿ ಯಾರಾದರೂ ಇದ್ದರಾ?"

"ಇಲ್ಲ. ಎಲ್ಲ ಹೊರಗೆ ಹೋಗಿ ಬಾಗಿಲು ಹಾಕಿ ಆಗಿತ್ತು."

ಮೇಡಂ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಏನೋ ಬೈದು ಹೋದ. ಅವರು ಎಂಜಿನ್ ಆರಿಸಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ್ದು, ಅದೂ ನನ್ನಲ್ಲಿ. "ಹಲಗೆಯ ಮೋಟಾರಿನ ವಯರ್ ಎಲ್ಲಿಂದ ಹೋಗುತ್ತದೆ, ನೋಡಿದ್ದಿಯಾ?"

ನಾನು ನೋಡಿರಲಿಲ್ಲ. ಆದರೆ ಅವರ ಮನಸ್ಸಿನಲ್ಲಿ ಏನಿದೆಯೆಂದು ಅರ್ಥವಾಯಿತು. ವಯರ್ ಹಲಗೆಯ ಅಡಿಯಿಂದ ಹೋಗುವುದಾದರೆ, ಪ್ರತಿ ರೋಗಿಯ ದೇಹವನ್ನು ದಾಟಿ ಬರುವ ಕಿರಣ ಅದರ ಮೇಲೂ ಬೀಳುತ್ತದೆ. ಹೊದಿಕೆ ಒಡೆದು ಎರಡು ತಂತಿ ತಾಗಿದರೆ, ಯಾರೂ ಗುಂಡಿ ಒತ್ತದೆ ಹಲಗೆ ಏಳುತ್ತದೆ. ಮೇಲೆ ಇರುವುದು ಟನ್‌ಗಟ್ಟಲೆ ತೂಕದ ಯಂತ್ರದ ತಲೆ. ನಡುವೆ ಮುಖ ಬಿಗಿಸಿಕೊಂಡು ಮಲಗಿದ ಮನುಷ್ಯ.

ನಾವು ತಲುಪಿದಾಗ ಒಳಗೆ ಆಗಲೇ ಒಬ್ಬರನ್ನು ಮಲಗಿಸಿ ಆಗಿತ್ತು. ಬಂದ್ಯೋಡಿನಲ್ಲಿ ರಿಕ್ಷಾ ಓಡಿಸುವ ಸದಾನಂದ ಅವರ ಹೆಂಡತಿ ಸುಜಾತ. ದಿನವೂ ಕಾಯುವ ಬೆಂಚಿನಲ್ಲಿ ಪರಿಚಯವಾದವರು. ಹೊರಗಿನ ಪರದೆಯಲ್ಲಿ ಅವರು ಮುಖವಾಡ ಹಾಕಿಕೊಂಡು ಮಲಗಿದ್ದು ಕಾಣುತ್ತಿತ್ತು. ಯಂತ್ರದ ಜವಾಬ್ದಾರಿ ಹೊತ್ತ ಭೌತವಿಜ್ಞಾನಿ ಬಿಜೇಶ್ ಎಂಬ ನೀಲೇಶ್ವರದ ಕಡೆಯ ಯುವಕ. ಮೇಡಂ ನೇರ ಅವನ ಹತ್ತಿರ ಹೋದರು. ತಾನು ಯಾರು, ಯಾವ ಕೆಲಸ ಮಾಡಿದವಳು, ಉಮ್ಮ ಏನು ಹೇಳಿದರು, ಎಲ್ಲವನ್ನೂ ಮಲಯಾಳದಲ್ಲಿ ನಾಲ್ಕು ಮಾತಿನಲ್ಲಿ ಮುಗಿಸಿದರು. ಕೊನೆಯಲ್ಲಿ, "ಅವರನ್ನು ಈಗ ಇಳಿಸಿ" ಎಂದರು.

ಅವನು ಪರದೆ ನೋಡಿದ, ಮೇಡಂ ಮುಖ ನೋಡಿದ. ಪಕ್ಕದಲ್ಲಿ ನಿಂತ ಟೆಕ್ನಿಶಿಯನ್, "ಕೈ ತಾಗಿ ಗುಂಡಿ ಒತ್ತಿರಬೇಕು, ಹಲಗೆ ತಾನಾಗಿ ಏಳುವುದುಂಟಾ?" ಎಂದ.

"ಯಾರ ಕೈ?" ಮೇಡಂ ಸ್ವರ ಇಳಿದಿತ್ತು. "ಬಾಗಿಲು ಹಾಕಿದ ಮೇಲೆ ಒಳಗೆ ಯಾರ ಕೈ ಉಂಟು?"

ಬಿಜೇಶ್ ಭಾರದ ಬಾಗಿಲು ತೆರೆದು ಒಳಗೆ ಹೋಗಿ ತಾನೇ ಮುಖವಾಡ ಬಿಚ್ಚಿ ಸುಜಾತ ಅವರನ್ನು ಎಬ್ಬಿಸಿದ. ಮುಖದ ತುಂಬ ಜಾಲರಿಯ ಗುರುತು ಹೊತ್ತು ಹೊರಬಂದ ಆಕೆ ಗಂಡನನ್ನು ಕೇಳಿದರು, "ಇಷ್ಟು ಬೇಗ ಆಯ್ತಾ?"

ಹೊರಗೆ ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಆಡಳಿತಾಧಿಕಾರಿ ಬಂದರು. ಹೊರಗಿನವರು ಬಂದು ಯಂತ್ರ ನಿಲ್ಲಿಸಲು ಹೇಳುವುದೆಂದರೇನು, ಹೋದ ತಿಂಗಳಷ್ಟೇ ಎಲ್ಲ ಪರೀಕ್ಷೆ ಆಗಿದೆ ಎಂದರು. ಸದಾನಂದ ಮೇಡಂ ಎದುರು ಬಂದು ನಿಂತರು. "ನಿಮಗೆ ಎಂತ ಹೋಗ್ಲಿಕ್ಕುಂಟು ಮೇಡಂ? ನನ್ನ ಹೆಂಡತಿಗೆ ಒಂದು ದಿನ ತಪ್ಪಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ನಾಳೆ ಹೆಚ್ಚುಕಮ್ಮಿ ಆದರೆ ನೀವು ಬರ್ತೀರಾ?"

ನಾನು ಮೇಡಂ ಅವರ ಸೀರೆಯ ಸೆರಗು ಹಿಡಿದು ಆಚೆಗೆ ಕರೆದೆ. "ಮೇಡಂ, ಮುಂದಿನ ಸರದಿ ಉಮ್ಮನದ್ದು. ಇವತ್ತು ಒಂದು ದಿನ ಆಗಲಿ, ಸಂಜೆ ನೋಡುವ."

"ಇವತ್ತು ಒಂದು ದಿನ ನೀನು ಮಲಗ್ತಿಯಾ?" ಎಂದರು.

ಬಿಜೇಶ್ ಆಡಳಿತಾಧಿಕಾರಿಯ ಎದುರೇ ಮೆಗ್ಗರ್ ತರಿಸಿದ. ವಿದ್ಯುತ್ ತಪ್ಪಿಸಿ, ಕೇಬಲ್ಲಿನ ಎರಡೂ ತುದಿ ಬಿಡಿಸಿ, ತಂತಿಗೂ ತಂತಿಗೂ ನಡುವೆ ಹಿಡಿದ. ಮುಳ್ಳು ಕೊನೆಯವರೆಗೆ ಹೋಗಿ ನಿಂತಿತು. ಅದಕ್ಕಿಂತ ಒಳ್ಳೆಯ ಲೆಕ್ಕವಿಲ್ಲ. ಆಡಳಿತಾಧಿಕಾರಿ, "ನೋಡಿದ್ರಲ್ಲ?" ಎಂದು ಬಾಗಿಲ ಕಡೆ ತಿರುಗಿದರು. ನನ್ನ ಎದೆ ಹಗುರಾಯಿತು. ನಿಜ ಹೇಳುವುದಾದರೆ ಆಗ ನನಗೆ ಬೇಕಾಗಿದ್ದುದು ಅದೇ, ಮೇಡಂ ಒಮ್ಮೆ ತಪ್ಪಾಗಲಿ ಎಂದು.

"ಹಲಗೆ ಕೈಯಿಂದ ಎತ್ತುವ ಹಿಡಿಕೆ ಉಂಟಲ್ಲ?" ಮೇಡಂ ಬಿಜೇಶನನ್ನು ಕೇಳಿದರು. "ಮೀಟರ್ ಹಾಗೇ ಇರಲಿ. ಸ್ವಲ್ಪ ಸ್ವಲ್ಪ ತಿರುಗಿಸಿ."

ಟೆಕ್ನಿಶಿಯನ್ ತಿರುಗಿಸಿದ. ಹಲಗೆ ಏಳತೊಡಗಿತು. ಮುಳ್ಳು ಕದಲಲಿಲ್ಲ. ಇನ್ನೂ ಏರಿತು. ಕದಲಲಿಲ್ಲ. ಕೋಣೆಯಲ್ಲಿ ಹಿಡಿಕೆಯ ಕಿರಕಿರ ಬಿಟ್ಟರೆ ಸದ್ದಿಲ್ಲ. ಆಡಳಿತಾಧಿಕಾರಿ ಬಾಗಿಲಲ್ಲಿ ನಿಂತೇ ಇದ್ದರು. ರೋಗಿಯನ್ನು ಮಲಗಿಸುವ ಎತ್ತರಕ್ಕೆ ಹಲಗೆ ಬಂದದ್ದೇ ಮುಳ್ಳು ಒಮ್ಮೆ ನಡುಗಿ ಸೊನ್ನೆಗೆ ಬಿತ್ತು. ಒಂದಿಷ್ಟು ಇಳಿಸಿದರೆ ಮತ್ತೆ ಮೇಲೆ. ಏರಿಸಿದರೆ ಸೊನ್ನೆ, ಒಳಗೆ ತಂತಿಗೆ ತಂತಿ ತಾಗುತ್ತಿತ್ತು.

ಬಿಜೇಶ್ ಹಲಗೆಯ ಅಡಿಯ ಮುಚ್ಚಳ ಬಿಚ್ಚಿದ. ಅಲ್ಲಿ ಅಂದವಾಗಿ ಕಟ್ಟಿದ್ದ ಬಿಳಿಯ ವಯರ್‌ಗಳು ನೋಡಲು ಹೊಸದರ ಹಾಗೆಯೇ ಇದ್ದವು. ಮೇಡಂ ಮೊಣಕಾಲೂರಿ ಕೂತು ಒಂದನ್ನು ಕಿವಿಯ ಹತ್ತಿರಕ್ಕೆ ತರಲು ನೋಡಿದರು. ಅಷ್ಟು ದೂರ ಬರುವ ಮೊದಲೇ ಹೊದಿಕೆ ಕಳಚಿ ಅವರ ಮಡಿಲಿಗೆ ಚೂರುಚೂರಾಗಿ ಬಿತ್ತು, ಹಳೆಯ ಗೋಡೆಯ ಸುಣ್ಣದ ಹಾಗೆ. ಒಳಗಿನ ತಾಮ್ರ ಹೊಳೆಯುತ್ತಿತ್ತು.

"ಟೆಫ್ಲಾನ್," ಎಂದರು. ಹಿಂದಿನ ವರ್ಷ ಏನೋ ರಿಪೇರಿಯ ಹೊತ್ತಿಗೆ ಹಾಕಿದ್ದಂತೆ. "ಕೆಟ್ಟ ಮನಸ್ಸಿನಿಂದ ಹಾಕಿದ್ದಲ್ಲ ಇದು. ಇದ್ದದ್ದರಲ್ಲಿ ಒಳ್ಳೆಯದು ಹಾಕುವ ಅಂತಲೇ ಹಾಕಿದ್ದಾರೆ."

ಬಿಜೇಶ್ ಕಿಟಕಿಯಿಲ್ಲದ ಆ ಕೋಣೆಯ ಗೋಡೆಗೆ ಒರಗಿ ನಿಂತ. ಆಮೇಲೆ ಹೊರಗೆ ಹೋಗಿ, ಕಾಯುತ್ತಿದ್ದವರೆಲ್ಲರ ಎದುರು, ಯಂತ್ರ ಇವತ್ತಿನಿಂದ ನಿಂತಿದೆ ಎಂದು ತಾನೇ ಹೇಳಿದ. ಅದು ಸುಲಭದ ಮಾತಾಗಿರಲಿಲ್ಲ.

ಕಥೆ ಇಲ್ಲಿಗೆ ಮುಗಿಯುತ್ತಿದ್ದರೆ ಮೇಡಂ ನನ್ನ ಮನಸ್ಸಿನಲ್ಲಿ ಬರೀ ಒಬ್ಬ ಜಾಣೆಯಾಗಿ ಉಳಿಯುತ್ತಿದ್ದರು. ಕಷ್ಟ ಶುರುವಾದದ್ದು ಆ ನಂತರ. ಯಂತ್ರದ ಕಂಪನಿಯವರು ಸರಿಯಾದ ಕೇಬಲ್ ತಂದು ಹಾಕಿ, ಮತ್ತೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಡಲು ವಾರಗಳೇ ಬೇಕೆಂದರು. ಉಮ್ಮ ದಿನವೂ ಬೆಳಿಗ್ಗೆ ಎದ್ದು ಹೊರಟವರ ಹಾಗೆ ತಯಾರಾಗಿ ಕೂರುತ್ತಿದ್ದರು. ನನಗೆ ಒಂದೇ ಯೋಚನೆ. ನಮ್ಮ ಕಾರ್ಖಾನೆಯಲ್ಲಿ ಗಂಟು ಬಿದ್ದು ಗಟ್ಟಿಯಾಗುವ ಜಾತಿಯ ಹೊದಿಕೆಯ ಕೇಬಲ್ ಇತ್ತು. ಮೇಡಂ ಅದನ್ನು ಪರೀಕ್ಷಿಸಿ ಹೊಗಳಿದ್ದನ್ನು ನಾನೇ ಕೇಳಿದ್ದೆ. ಒಂದು ಸುರುಳಿ ಕೊಂಡುಹೋಗಿ ಹಾಕಿದರೆ ಮರುದಿನ ಯಂತ್ರ ಓಡುತ್ತದೆ.

"ಆಗ್ಲಿಕ್ಕಿಲ್ಲ," ಎಂದರು.

"ನಮ್ಮದು ಒಳ್ಳೆಯದು ಅಂತ ನೀವೇ ಹೇಳಿದ್ದಲ್ವಾ ಮೇಡಂ?"

"ಒಳ್ಳೆಯದೇ. ಆ ಯಂತ್ರಕ್ಕೆ ಒಳ್ಳೆಯದಾ ಅಂತ ಯಾರೂ ನೋಡಿಲ್ಲ. ಟೆಫ್ಲಾನ್ ಹಾಕಿದವರೂ ಒಳ್ಳೆಯದು ಅಂತಲೇ ಹಾಕಿದ್ದು."

"ಉಮ್ಮನಿಗೆ ದಿನ ಹೋಗ್ತಾ ಉಂಟು."

"ನನಗೆ ಗೊತ್ತುಂಟು ಫೌಸಿಯಾ."

ನಾನು ಅವರೊಡನೆ ಮಾತು ಬಿಟ್ಟೆ. ಒಂದೇ ಕೋಣೆಯಲ್ಲಿ ಕೂತು, ಒಂದೇ ಮೀಟರ್ ಹಿಡಿದು, ಬೇಕಾದದ್ದನ್ನು ಮಾತ್ರ ಹೇಳುತ್ತಿದ್ದೆ. ಸದಾನಂದ ಒಂದು ದಿನ ರಿಕ್ಷಾ ತಂದು ಕಾರ್ಖಾನೆಯ ಗೇಟಿನಲ್ಲಿ ನಿಲ್ಲಿಸಿ ಬಾಯಿಗೆ ಬಂದದ್ದು ಬೈದರು. ಕಾವಲಿನವನು ಓಡಿಸಲು ಹೋದಾಗ ಮೇಡಂ ತಡೆದು, ಅವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಎದುರು ಕೂರಿಸಿಕೊಂಡರು. ಚಹಾ ತಣಿಯುವವರೆಗೂ ಬೈಗುಳ ಕೇಳಿದರು. ಆಮೇಲೆ, "ಹೆಂಡತಿಯ ಕಾಗದಪತ್ರ ಎಲ್ಲ ತಂದಿದ್ದೀರಾ?" ಎಂದು ಕೇಳಿದರು.

ಆಗ ತಿಳಿಯಿತು, ಆ ದಿನಗಳಲ್ಲಿ ಅವರು ಮತ್ತು ಬಿಜೇಶ್ ಸುಮ್ಮನೆ ಕೂತಿರಲಿಲ್ಲ. ಮಂಗಳೂರಿನಲ್ಲಿ, ಕಣ್ಣೂರಿನ ಕಡೆ, ಯಂತ್ರ ಇರುವ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿ, ಚಿಕಿತ್ಸೆ ನಿಂತುಹೋದ ಪ್ರತಿಯೊಬ್ಬರಿಗೂ ಎಲ್ಲಾದರೂ ಒಂದು ಸರದಿ ಸಿಗುವಂತೆ ಮಾಡುತ್ತಿದ್ದರು. ಗಂಟಲು, ಬಾಯಿಯ ರೋಗಿಗಳಿಗೆ ಮೊದಲು. ಸುಜಾತ ಅವರಿಗೂ ಉಮ್ಮನಿಗೂ ಒಂದೇ ದಿನ ಜಾಗ ಸಿಕ್ಕಿತು. ತಪ್ಪಿದ ದಿನಗಳಿಗೆ ಸರಿಯಾಗಿ ಡಾಕ್ಟರರು ಲೆಕ್ಕ ಬದಲಿಸಿದರು. ಹೊಸ ಮುಖವಾಡ ಮಾಡಿದರು. ಕಾರಿನ ಹಿಂದಿನ ಸೀಟಿನಲ್ಲಿ ಈಗ ಇಬ್ಬರು ಹೆಂಗಸರು. ಮೀನಿನ ಮಾತು ಕಡಿಮೆಯಾಗಿತ್ತು.

ಉಮ್ಮ ಗುಣವಾಗುತ್ತ ಬಂದರು. ಸುಜಾತ ಗುಣವಾಗಲಿಲ್ಲ. ಚಿಕಿತ್ಸೆ ಮುಗಿದ ಮುಂದಿನ ಮಳೆಗಾಲದಲ್ಲಿ ರೋಗ ಮರಳಿ ಬಂತು, ಬೇಗನೆ ಕರೆದುಕೊಂಡು ಹೋಯಿತು. ಮೇಡಂ ಡಾಕ್ಟರರ ಹತ್ತಿರ ಹೋಗಿ, ನಡುವೆ ತಪ್ಪಿದ ದಿನಗಳಿಂದ ಹೀಗಾಯಿತೇ ಎಂದು ನೇರವಾಗಿ ಕೇಳಿದರು. ಹಾಗೆಂದು ಹೇಳಲಾಗುವುದಿಲ್ಲ, ರೋಗ ಮೊದಲೇ ಮುಂದೆ ಹೋಗಿತ್ತು ಎಂದರಂತೆ. ಹಾಗಲ್ಲ ಎಂದೂ ಅವರು ಹೇಳಲಿಲ್ಲ ಎಂದು ಮೇಡಂ ನನಗೆ ಹೇಳಿದರು. ಮೇಡಂ ಸುಜಾತ ಅವರ ಮನೆಗೆ ಹೋದಾಗ ಸದಾನಂದ ಒಳಗಿಂದ ಹೊರಗೆ ಬರಲಿಲ್ಲ. ಆಮೇಲೆ ಎಂದೂ ಮಾತಾಡಲೂ ಇಲ್ಲ. ಹೆದ್ದಾರಿಯಲ್ಲಿ ಬಂದ್ಯೋಡು ಬಂದಾಗ ಮೇಡಂ ಮಾತು ನಿಲ್ಲಿಸಿ, ರಿಕ್ಷಾ ಸ್ಟ್ಯಾಂಡಿನ ಕಡೆ ತಿರುಗದೆ ಕಾರು ಓಡಿಸುತ್ತಿದ್ದರು.

ಅಂದಿನಿಂದ ಉಮ್ಮನ ಒಂದೊಂದು ತಪಾಸಣೆಯೂ ಮೇಡಂಗೆ ಒಂದೊಂದು ಪರೀಕ್ಷೆ. ನಾವು ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮೊದಲೇ ಫೋನ್ ಬರುತ್ತಿತ್ತು. "ಎಂತ ಹೇಳಿದ್ರು?" ಏನೂ ಇಲ್ಲವಂತೆ ಮೇಡಂ ಎಂದರೆ, ಇನ್ನೊಮ್ಮೆ ಹೇಳಿಸಿ ಕೇಳುತ್ತಿದ್ದರು. ಮತ್ತೆ, "ಸರಿ, ನಾಳೆ ಬೇಗ ಬಾ, ಕೆಲಸ ಉಂಟು." ಬೆನ್ನು ಬಾಗಿದರೂ ಕಾರ್ಖಾನೆಗೆ ಬರುವುದನ್ನು ಅವರು ಬಿಡಲಿಲ್ಲ. ಕಾರು ಓಡಿಸುವುದನ್ನು ಬಿಟ್ಟು ಕುಂಬಳೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು.

ಐದು ವರ್ಷದ ತಪಾಸಣೆಯ ದಿನ ಫೋನ್ ಬರಲಿಲ್ಲ. ಹಿಂದಿನ ವಾರದಿಂದ ಜ್ವರ ಎಂದು ರಜೆಯಲ್ಲಿದ್ದರು. ಇನ್ನು ಹೆದರಿಕೆ ಇಲ್ಲ, ವರ್ಷಕ್ಕೊಮ್ಮೆ ಬಂದರೆ ಸಾಕು ಎಂದು ಡಾಕ್ಟರರು ಹೇಳಿದ್ದನ್ನು ಮುಖತಃ ತಿಳಿಸಬೇಕೆನಿಸಿ, ಉಮ್ಮನನ್ನು ಕರೆದುಕೊಂಡು ಸಂಜೆಗೆ ಅವರ ತಮ್ಮನ ಮನೆಗೆ ಹೋದೆ. ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ನಾನು ಹೇಳಿದೆ. ಅವರು ಕನ್ನಡಕ ತೆಗೆದು ಶಾಲಿನ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ನಿಮಗೆ ಏನಾದರೂ ಆಗಿದ್ದರೆ ನನಗೆ ಈ ಹುಡುಗಿಯ ಮುಖ ನೋಡ್ಲಿಕ್ಕೆ ಆಗ್ತಿರಲಿಲ್ಲ," ಎಂದು ಉಮ್ಮನಿಗೆ ಹೇಳಿದರು. ಶಾಲು ಸರಿಮಾಡಿಕೊಂಡು, "ಯಂತ್ರ ಮಾತ್ರ ನಿಲ್ಲಿಸಿಯೇ ನಿಲ್ಲಿಸ್ತಿದ್ದೆ."

ಉಮ್ಮ, ರೇಡಿಯೇಶನ್ ಉಳಿಸಿಹೋದ ಆ ಒಡಕು ಸ್ವರದಲ್ಲಿ, "ಗೊತ್ತುಂಟು ಬಾಯಮ್ಮ. ನಾನು ಅವತ್ತು ಕಾರಲ್ಲಿ ಹೇಳಿದ್ದು ಅದಕ್ಕೇ ಅಲ್ವಾ?" ಎಂದರು.

ಇಬ್ಬರೂ ಮತ್ತೆ ಬಂಗುಡೆಯ ಮಾತಿಗೆ ಇಳಿದರು. ಈ ವರ್ಷ ಕುಂಬಳೆಯ ಮಾರ್ಕೆಟಿಗೆ ಒಳ್ಳೆಯ ಮೀನೇ ಬರುತ್ತಿಲ್ಲವೆಂದು ಮೇಡಂ, ಉಪ್ಪಳದಲ್ಲಿ ಬರುತ್ತದೆ, ಕಳಿಸಿಕೊಡುತ್ತೇನೆಂದು ಉಮ್ಮ. ನಾವು ಹೊರಟಾಗ ಮೇಡಂ ಎದ್ದು ಮೆಟ್ಟಿಲವರೆಗೆ ಬಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಜ್ವರ ಎದೆಗಿಳಿದು, ಆ ವಾರವೇ ತೀರಿಕೊಂಡರು.

ನಮ್ಮಲ್ಲಿ ಹೆಂಗಸರು ಮಣ್ಣು ಮಾಡುವಲ್ಲಿಗೆ ಹೋಗುವ ಪದ್ಧತಿಯಿಲ್ಲ. ಉಪ್ಪನನ್ನು ಹೊತ್ತುಕೊಂಡು ಹೋದಾಗಲೂ ಉಮ್ಮ ಕೋಣೆಯ ಕಿಟಕಿಯಲ್ಲಿ ನಿಂತು ನೋಡಿದ್ದು, ಅಷ್ಟೆ. ಇಗರ್ಜಿಯ, ಅಂದರೆ ಚರ್ಚಿನ, ಹೊರಗೆ ನಿಂತು ಬರುವ ಎಂದು ನಾನು ಉಮ್ಮನನ್ನು ಕರೆದುಕೊಂಡು ಹೋಗಿದ್ದೆ. ಪ್ರಾರ್ಥನೆ ಮುಗಿದು ಪೆಟ್ಟಿಗೆಯನ್ನು ಹಿಂದಿನ ಸಿಮಿತ್ರಿಗೆ, ಅವರ ಸ್ಮಶಾನಕ್ಕೆ, ತಂದರು. ಬಿಜೇಶ್ ಬಂದಿದ್ದ, ಹೊತ್ತವರಲ್ಲಿ ಅವನೂ ಒಬ್ಬ. ಪೆಟ್ಟಿಗೆ ಕೆಳಗಿಳಿಯಿತು. ಮನೆಯವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕತೊಡಗಿದರು. ಗೇಟಿನ ಹತ್ತಿರ ನನ್ನ ಕೈ ಹಿಡಿದು ನಿಂತಿದ್ದ ಉಮ್ಮ ಕೈ ಬಿಡಿಸಿಕೊಂಡರು. ಬುರ್ಖಾದ ಅಂಚನ್ನು ಸ್ವಲ್ಪ ಮೇಲೆತ್ತಿ, ಯಾರನ್ನೂ ಕೇಳದೆ, ಸಾಲಿನ ಕೊನೆಗೆ ಹೋಗಿ ನಿಂತರು. ಮುಂದಿದ್ದ ಹೆಂಗಸೊಬ್ಬರು ತಿರುಗಿ ನೋಡಿ ದಾರಿ ಬಿಟ್ಟರು. ಉಮ್ಮ ಬಗ್ಗಿ ಮಣ್ಣು ತೆಗೆದುಕೊಂಡು, ನಮ್ಮ ಗಂಡಸರು ಹಾಕುವ ಹಾಗೆ ಮೂರು ಹಿಡಿ ಹಾಕಿದರು. ತುಟಿ ಅಲುಗುತ್ತಿತ್ತು, ಸ್ವರ ಕೇಳಲಿಲ್ಲ. ತಮ್ಮ ಕೈಯಾರೆ ಉಮ್ಮ ಮಣ್ಣು ಹಾಕಿದ್ದು ಮೇಡಂ ಒಬ್ಬರಿಗೇ.